ತರಕಾರಿ ತಾನೆ, ಏನಾಗುತ್ತೆ?

ಬೆಂಗಳೂರಿನ ಯಾವುದಾದರೂ ದೊಡ್ಡ ಪಾರ್ಕಿನ ಗೇಟಿನ ಮುಂದೆ ಬೆಳಗ್ಗೆ ಆರೂವರೆಗೆ ಹೋಗಿ ನಿಂತರೆ ಸಾಕು. ತಳ್ಳುಗಾಡಿಯ ಮೇಲೆ ಸಾಲಾಗಿ ಸ್ಟೀಲಿನ ಕ್ಯಾನುಗಳು, ಒಂದೊಂದಕ್ಕೂ ಅಂಟಿಸಿದ ಚೀಟಿ. ಹಾಗಲಕಾಯಿ ಶುಗರ್‌ಗೆ, ಸೋರೆಕಾಯಿ ಹಾರ್ಟಿಗೆ, ಬಾಳೆದಿಂಡು ಕಿಡ್ನಿ ಕಲ್ಲಿಗೆ, ಬೂದುಗುಂಬಳ ತೂಕಕ್ಕೆ, ಅಮೃತಬಳ್ಳಿ ಇಮ್ಯುನಿಟಿಗೆ. ವಾಕಿಂಗ್ ಮುಗಿಸಿ ಬಂದವರು ತಂತಮ್ಮ ಕಾಯಿಲೆಯ ಕ್ಯಾನು ಯಾವುದೆಂದು ನೋಡಿಕೊಂಡು, ಪೇಪರ್ ಲೋಟವನ್ನು ಒಂದೇ ಗುಟುಕಿಗೆ ಬರಿದು ಮಾಡಿ, ಮುಖ ಕಿವುಚಿಕೊಂಡು ಮನೆಯ ದಾರಿ ಹಿಡಿಯುತ್ತಾರೆ. ಹೊಸಬರು ಯಾರಾದರೂ ಹಿಂದೆಮುಂದೆ ನೋಡಿದರೆ ಗಾಡಿಯವನ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ: "ತರಕಾರಿ ತಾನೆ ಸಾರ್, ಏನಾಗುತ್ತೆ? ಸೈಡ್ ಎಫೆಕ್ಟೇ ಇಲ್ಲ."

ಗಾಡಿಯವನನ್ನು ಬೈದು ಪ್ರಯೋಜನವಿಲ್ಲ. ಅವನು ಊರು ನಂಬಿದ್ದನ್ನು ಊರಿಗೇ ಮಾರುತ್ತಿದ್ದಾನೆ. ಇದೇ ಮಾತನ್ನು ಮನೆಯ ಹಿರಿಯರು ಹೇಳುತ್ತಾರೆ, ವಾಟ್ಸ್ಆ್ಯಪ್ ಗುಂಪಿನ ನಿವೃತ್ತ ಮೇಷ್ಟ್ರು ಹೇಳುತ್ತಾರೆ, ಟಿವಿಯ ಬೆಳಗಿನ ಕಾರ್ಯಕ್ರಮದ ಗುರೂಜಿ ಹೇಳುತ್ತಾರೆ, ಅಮೆರಿಕದಲ್ಲಿ ಕೂತ ಸಾಫ್ಟ್‌ವೇರ್ ಮಗನೂ ವಿಡಿಯೊ ಕಾಲ್‌ನಲ್ಲಿ ಹೇಳುತ್ತಾನೆ. ಹಾಗಲಕಾಯಿಯಿಂದ ಶುಗರ್ ಪೂರ್ತಿ ವಾಸಿಯಾಗುತ್ತದೆಂದು ಇವರಲ್ಲಿ ಎಲ್ಲರೂ ನಂಬಿದ್ದಾರೆ ಎಂದೇನಲ್ಲ. ಬಹಳ ಜನ ಅರ್ಧ ನಂಬುತ್ತಾರೆ, ಅರ್ಧ ನಗುತ್ತಾರೆ. ಆದರೆ ನಗುವವರೂ ಕುಡಿಯುತ್ತಾರೆ. ಯಾಕೆಂದರೆ ವಾಸಿಯಾಗದಿದ್ದರೂ ಕೆಡುವುದಂತೂ ಏನೂ ಇಲ್ಲ ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿದೆ. ರೋಗ ಗುಣಪಡಿಸುವ ಆಹಾರದ ಕುರಿತ ಸುಳ್ಳುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಈ ಒಮ್ಮತವೇ. ಮಿಕ್ಕ ಸುಳ್ಳುಗಳೆಲ್ಲ ಇದರ ನೆರಳಲ್ಲಿ ಬದುಕುತ್ತವೆ.

ಇದರೊಳಗಿನ ವಿರೋಧಾಭಾಸವನ್ನು ನೋಡಿ. ಒಂದು ಕಾಯಿಯ ರಸ ಕ್ಯಾನ್ಸರ್ ಗಡ್ಡೆಯನ್ನು ಕರಗಿಸುವಷ್ಟು, ರಕ್ತದ ಸಕ್ಕರೆಯನ್ನು ಬಗ್ಗಿಸುವಷ್ಟು ಬಲಶಾಲಿಯಂತೆ. ಅದೇ ರಸ ಎಷ್ಟು ಕುಡಿದರೂ, ಯಾರು ಕುಡಿದರೂ, ಯಾವ ಮಾತ್ರೆಯ ಜತೆ ಕುಡಿದರೂ ದೇಹದ ಒಂದು ಕೂದಲನ್ನೂ ಕೊಂಕಿಸದಷ್ಟು ಸಾಧುವಂತೆ. ಎರಡರಲ್ಲಿ ಒಂದು ನಿಜವಿರಬಹುದು. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ದೇಹದಲ್ಲಿ ಏನನ್ನಾದರೂ ಬದಲಿಸುವ ಶಕ್ತಿ ಇರುವ ವಸ್ತುವಿಗೆ ಪ್ರಮಾಣ ಇರುತ್ತದೆ, ಪ್ರಮಾಣ ಮೀರಿದರೆ ಅಪಾಯವೂ ಇರುತ್ತದೆ.

ಬಿಂಬುಳಿಯನ್ನೇ ತೆಗೆದುಕೊಳ್ಳಿ. ಕರಾವಳಿಯ ಮನೆಯಂಗಳದಲ್ಲಿ ಈ ಮರ ಅಪರೂಪವೇನಲ್ಲ. ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಜೋತುಬೀಳುವ ಬೆರಳುದ್ದದ ಹಸಿರು ಕಾಯಿ. ಕಚ್ಚಿದರೆ ಹಲ್ಲು ಜುಮ್ಮೆನ್ನುವ ಹುಳಿ. ಮೀನಿನ ಸಾರಿಗೆ ಹುಣಸೆಯ ಬದಲು ನಾಲ್ಕು ಕಾಯಿ, ವರ್ಷಕ್ಕೊಮ್ಮೆ ಒಂದು ಭರಣಿ ಉಪ್ಪಿನಕಾಯಿ. ಇಷ್ಟರಲ್ಲಿ ತಲೆಮಾರುಗಳು ಕಳೆದವು, ಯಾರಿಗೂ ಏನೂ ಆಗಲಿಲ್ಲ. ಕೇರಳದವರು ಇದನ್ನು ಇರುಂಬನ್ ಪುಳಿ ಎನ್ನುತ್ತಾರೆ. ಅಲ್ಲಿ ಇದರ ರಸ ಕೊಲೆಸ್ಟ್ರಾಲ್ ಇಳಿಸುತ್ತದೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿತು. ಸಾರಿಗೆ ನಾಲ್ಕು ಬೀಳುತ್ತಿದ್ದ ಕಾಯಿ ಮಿಕ್ಸಿಗೆ ರಾಶಿಗಟ್ಟಲೆ ಬೀಳತೊಡಗಿತು. ಆಮೇಲೆ ನಡೆದದ್ದು 2013ರಲ್ಲಿ ಭಾರತದ ಕಿಡ್ನಿ ತಜ್ಞರ ನಿಯತಕಾಲಿಕದಲ್ಲಿ ದಾಖಲಾಗಿದೆ. ಕೇರಳದ ಐದು ಆಸ್ಪತ್ರೆಗಳಲ್ಲಿ ಹತ್ತು ಮಂದಿ ಈ ರಸ ಕುಡಿದು ಕಿಡ್ನಿ ಕೈಕೊಟ್ಟು ದಾಖಲಾಗಿದ್ದರು. ಏಳು ಮಂದಿಗೆ ಡಯಾಲಿಸಿಸ್ ಮಾಡಬೇಕಾಯಿತು. ಬಿಂಬುಳಿಯ ಹುಳಿ ಬಹುಪಾಲು ಆಕ್ಸಾಲಿಕ್ ಆಮ್ಲದ್ದು. ಅದು ಅತಿಯಾಗಿ ರಕ್ತಕ್ಕೆ ಸೇರಿದಾಗ ಕ್ಯಾಲ್ಸಿಯಂ ಜತೆ ಕೂಡಿ ಹರಳುಗಟ್ಟುತ್ತದೆ, ಮೂತ್ರ ಸೋಸುವ ಕೂದಲಿನಷ್ಟು ಸಪೂರದ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕಿಡ್ನಿಯಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಕಂಡದ್ದು ಈ ಹರಳುಗಳೇ. ಪುಣ್ಯಕ್ಕೆ ರಸ ನಿಲ್ಲಿಸಿದ ಮೇಲೆ ಎಲ್ಲರೂ ಚೇತರಿಸಿಕೊಂಡರು.

ಕಾಯಿ ಅದೇ, ಮರ ಅದೇ, ಅಂಗಳ ಅದೇ. ಬದಲಾದದ್ದು ಅಡುಗೆಯ ವಸ್ತುವನ್ನು ಔಷಧ ಎಂದು ಕರೆದದ್ದು ಮಾತ್ರ. ಔಷಧ ಎಂದ ಕೂಡಲೇ ಪ್ರಮಾಣ ಹತ್ತು ಪಟ್ಟು ಏರಿತು. ಆದರೆ ಔಷಧಕ್ಕೆ ಇರಬೇಕಾದ ಎಚ್ಚರ ಮಾತ್ರ ಜತೆಗೆ ಬರಲಿಲ್ಲ, ಯಾಕೆಂದರೆ ಅದು ‘ಹೇಗಿದ್ದರೂ ಹಣ್ಣು ತಾನೆ’. ಬಿಂಬುಳಿಯ ಸೋದರಸಂಬಂಧಿ ಧಾರೆಹುಳಿಯದು ಇನ್ನೂ ಕ್ರೂರ ಕಥೆ. ಕಿಡ್ನಿ ಸೋತವರು ತಿಂದರೆ ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್, ಕೆಲವರಿಗೆ ಸಾವೂ ಬಂದಿದೆ. ಅದರಲ್ಲಿರುವ ನರವಿಷವನ್ನು ಬ್ರೆಜಿಲ್‌ನ ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ಆರೋಗ್ಯವಂತ ಕಿಡ್ನಿ ಅದನ್ನು ಹೊರಹಾಕುತ್ತದೆ. ಸೋತ ಕಿಡ್ನಿಗೆ ಆ ತಾಕತ್ತಿಲ್ಲ. ಅಂದರೆ, ಒಬ್ಬರಿಗೆ ಬರೀ ಹಣ್ಣಾದದ್ದು ಪಕ್ಕದ ಮನೆಯವರಿಗೆ ಅಲ್ಲ.

ಸೋರೆಕಾಯಿಯಷ್ಟು ಸಪ್ಪೆ, ನಿರುಪದ್ರವಿ ತರಕಾರಿ ಇನ್ನೊಂದಿಲ್ಲ ಎಂದುಕೊಂಡವರು 2010ರ ದೆಹಲಿಯ ಪ್ರಕರಣವನ್ನು ನೆನಪಿಸಿಕೊಳ್ಳಬೇಕು. ಸರ್ಕಾರಿ ವಿಜ್ಞಾನ ಸಂಸ್ಥೆಯೊಂದರ ಹಿರಿಯ ವಿಜ್ಞಾನಿಯೊಬ್ಬರು ಎಂದಿನಂತೆ ಸೋರೆಕಾಯಿ ರಸಕ್ಕೆ ಹಾಗಲಕಾಯಿ ರಸ ಬೆರೆಸಿ ಕುಡಿದರು. ಅವರು ಬದುಕುಳಿಯಲಿಲ್ಲ. ಸೌತೆ, ಸೋರೆ, ಹೀರೆಯ ವಂಶದ ಗಿಡಗಳು ಕೀಟ, ಪ್ರಾಣಿಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಕುಕುರ್ಬಿಟಾಸಿನ್ ಎಂಬ ಕಹಿವಿಷ ತಯಾರಿಸುತ್ತವೆ. ಊಟದ ತಳಿಗಳಲ್ಲಿ ಅದು ಸಾಮಾನ್ಯವಾಗಿ ನಗಣ್ಯ. ಅಪರೂಪಕ್ಕೆ ಒಂದು ಕಾಯಿಯಲ್ಲಿ ವಿಪರೀತ ಏರಿಬಿಡುತ್ತದೆ. ಅಡುಗೆಮನೆಯಲ್ಲಿ ಇದಕ್ಕೆ ಉಪಾಯ ಎಂದಿನಿಂದಲೂ ಇತ್ತು: ತುದಿ ಕತ್ತರಿಸಿ ನಾಲಿಗೆಗೆ ಹಚ್ಚಿ ನೋಡುವುದು, ಕಹಿಯಾದರೆ ತಿಪ್ಪೆಗೆ ಎಸೆಯುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ವಿಚಾರಣೆ ನಡೆಸಿ ಕೊಟ್ಟ ಸಲಹೆಯೂ ಅದೇ. ಚೂರು ರುಚಿ ನೋಡಿ, ಕಹಿಯಿದ್ದರೆ ಬಿಸಾಡಿ, ಬೇರೆ ರಸದೊಂದಿಗೆ ಬೆರೆಸಬೇಡಿ, ಈ ವಿಷಕ್ಕೆ ಪ್ರತ್ಯೌಷಧವಿಲ್ಲ ಎಂದಿತು ಸಮಿತಿ. ಹಾಗಲದ ರಸ ಬೆರೆತರೆ ಯಾವ ಕಹಿ ಯಾವುದರದು ಎಂದು ನಾಲಿಗೆಗೆ ತಿಳಿಯುವುದಾದರೂ ಹೇಗೆ? ಮೇಲಾಗಿ ‘ಕಹಿಯಾದಷ್ಟೂ ಒಳ್ಳೆಯದು’ ಎಂದು ಕಲಿಸಿದವರು ಕಣ್ಣು ಮುಚ್ಚಿ ನುಂಗಲು ಹೇಳುತ್ತಾರೆ. ಅಜ್ಜಿಯ ಅಡುಗೆಯ ವಿವೇಕವನ್ನು ಅಜ್ಜಿಯ ಹೆಸರಿನಲ್ಲೇ ಬಿಸಾಡಿದ್ದಾಯಿತು.

ಹಾಗಲಕಾಯಿಯ ಬಗ್ಗೆ ಒಂದು ಮಾತು. ಅದರಲ್ಲಿ ಸಕ್ಕರೆ ಇಳಿಸುವ ಗುಣವಿರುವ ವಸ್ತುಗಳಿವೆ ಎಂಬುದು ಪ್ರಯೋಗಾಲಯದ ಮಟ್ಟಿಗೆ ನಿಜ. ಮನುಷ್ಯರ ಮೇಲೆ ನಡೆದ ಪ್ರಯೋಗಗಳನ್ನು 2012ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಹಾಕಿ ತೂಗಿನೋಡುವ ಕಾಕ್ರೇನ್ ಸಂಸ್ಥೆ ಜಾಲಾಡಿದಾಗ ಅದರ ಮಾನದಂಡಕ್ಕೆ ಸರಿಹೊಂದಿದ್ದು ನಾಲ್ಕೇ ಪ್ರಯೋಗ, ಒಟ್ಟು 479 ಜನ, ಅವಧಿ ಹೆಚ್ಚೆಂದರೆ ಮೂರು ತಿಂಗಳು. ಹಾಗಲ ಮಧುಮೇಹಕ್ಕೆ ಮದ್ದು ಎನ್ನಲು ಸಾಕಷ್ಟು ಆಧಾರ ಇಲ್ಲ ಎಂದೇ ಅದು ತೀರ್ಮಾನಿಸಿತು. ಗೊಜ್ಜು ಮಾಡಿಕೊಂಡು ತಿನ್ನಲು ಯಾರ ಅಡ್ಡಿಯೂ ಇಲ್ಲ. (ಬೆಲ್ಲ ಮಾತ್ರ ಕಡಿಮೆ ಹಾಕಿ, ಶುಗರ್‌ಗೆಂದು ಮಾಡಿದ ಹಾಗಲಕಾಯಿ ಗೊಜ್ಜಿಗೆ ಅಚ್ಚು ಬೆಲ್ಲ ಹಾಕುವ ಮನೆಗಳೂ ಇವೆ.)

ಕೋವಿಡ್ ಬಂದಾಗ ಅಮೃತಬಳ್ಳಿಯ ಅದೃಷ್ಟ ಖುಲಾಯಿಸಿತು. ಕಾಂಪೌಂಡಿನ ಮೇಲೆ ತನ್ನಷ್ಟಕ್ಕೆ ಹಬ್ಬಿಕೊಂಡಿದ್ದ ಬಳ್ಳಿ ಬೆಳಗಾಗುವುದರೊಳಗೆ ಮಾಯವಾಗುತ್ತಿತ್ತು. ಮುಂಬಯಿಯಲ್ಲಿ 2020ರ ಕೊನೆಯ ತಿಂಗಳುಗಳಲ್ಲಿ ಆರು ಮಂದಿ ಕಾಮಾಲೆ, ಲಿವರ್ ಊತದೊಂದಿಗೆ ಆಸ್ಪತ್ರೆಗೆ ಬಂದರು. ಎಲ್ಲರೂ ಅಮೃತಬಳ್ಳಿ ಸೇವಿಸುತ್ತಿದ್ದವರು. ವೈದ್ಯರು ಇದನ್ನು ಪ್ರಕಟಿಸಿದಾಗ ಆಯುಷ್ ಸಚಿವಾಲಯ ಕೆರಳಿತು. ಅವರು ಕುಡಿದದ್ದು ಅಮೃತಬಳ್ಳಿಯೇ ಎಂದು ಪರೀಕ್ಷಿಸಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಎಂದಿತು. ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಅದು ಯಾರ ವಾದಕ್ಕೆ ಬಲ ಕೊಡುತ್ತದೆ? ನೋಡಲು ಒಂದೇ ತರಹದ ಎರಡು ಬಳ್ಳಿಗಳಲ್ಲಿ ಒಂದು ಲಿವರಿಗೆ ಕೆಟ್ಟದ್ದು ಎಂದಾದರೆ, ಕಾಂಪೌಂಡಿನಿಂದ ಕಿತ್ತು ಕುದಿಸಿ ಕುಡಿಯಿರೆಂದು ಇಡೀ ದೇಶಕ್ಕೆ ಹೇಳುವವರು ಮೊದಲು ಅದನ್ನು ತಿಳಿಸಬೇಡವೇ? ಮುಂದೆ 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು ಸೇರಿ ಇಂಥ 43 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಹಲವರದು, ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಲಿವರಿನ ಮೇಲೆ ತಿರುಗಿಬೀಳುವ ಬಗೆಯ ಕಾಯಿಲೆ. ಇಮ್ಯುನಿಟಿಯನ್ನು ಕೆಣಕುತ್ತದೆ ಎಂಬುದೇ ಬಳ್ಳಿಯ ಹೆಗ್ಗಳಿಕೆ ತಾನೆ? ಕೆಣಕಿದ್ದು ನಿಜವಾದರೆ ಎಲ್ಲರಿಗೂ ಒಳ್ಳೆಯದೇ ಆಗಬೇಕೆಂದು ಎಲ್ಲಿ ಬರೆದಿದೆ?

ಅರಿಶಿನದ ವಿಷಯದಲ್ಲಿ ಬೆಂಗಳೂರಿಗೇ ಒಂದು ಪಾತ್ರವಿದೆ. ಅರಿಶಿನದ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಇಲ್ಲವೆನ್ನುವಷ್ಟು ಕಡಿಮೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಗ್ರಾಂ ಕರ್ಕ್ಯುಮಿನ್ ಜತೆ ಕಾಳುಮೆಣಸಿನ ಸಾರವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟರೆ ರಕ್ತಕ್ಕೆ ಸೇರುವ ಪ್ರಮಾಣ ಇಪ್ಪತ್ತು ಪಟ್ಟು ಏರುವುದು ಕಂಡಿತು. ಅರಿಶಿನಕ್ಕೆ ಕಾಳುಮೆಣಸು ಸೇರಿಸಿದ ಮಾತ್ರೆಗಳು ಇಂದು ಜಗತ್ತಿನ ಅಂಗಡಿಗಳಲ್ಲೆಲ್ಲ ತುಂಬಿರುವುದರ ಹಿಂದೆ ಈ ಅಂಕಿ ಇದೆ. ಅಮೆರಿಕದಲ್ಲಿ ಔಷಧಗಳಿಂದ ಆಗುವ ಲಿವರ್ ಹಾನಿಯ ಮೇಲೆ ಕಣ್ಣಿಟ್ಟಿರುವ ವೈದ್ಯರ ಜಾಲ 2022ರಲ್ಲಿ ಅರಿಶಿನದ ಪೂರಕಗಳಿಂದಾದ ಹತ್ತು ಪ್ರಕರಣಗಳನ್ನು ವರದಿ ಮಾಡಿತು. ಐವರು ಆಸ್ಪತ್ರೆ ಸೇರಿದರು, ಒಬ್ಬರು ಸತ್ತರು. ಇಷ್ಟಾಗಿ ಕ್ಯಾನ್ಸರೋ ಮರೆವಿನ ರೋಗವೋ ವಾಸಿಯಾಗಿದ್ದರೆ ಲೆಕ್ಕಾಚಾರಕ್ಕೆ ಕೂರಬಹುದಿತ್ತು. ಔಷಧ ರಸಾಯನಶಾಸ್ತ್ರಜ್ಞರು 2017ರಲ್ಲಿ ಕರ್ಕ್ಯುಮಿನ್‌ನ ನೂರಕ್ಕೂ ಹೆಚ್ಚು ಪ್ರಯೋಗಗಳ ಇತಿಹಾಸವನ್ನು ಪರಿಶೀಲಿಸಿ, ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಗೆದ್ದದ್ದು ಒಂದೂ ಇಲ್ಲ ಎಂದು ಬರೆದರು. ಹುಳಿ, ಪಲ್ಯಗಳಿಗೆ ಬೀಳುವ ಅರಿಶಿನಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಇಲ್ಲಿಗೆ ಎದುರಾಳಿಯ ಬತ್ತಳಿಕೆಯ ಕೊನೆಯ ಬಾಣ ಹೊರಬರುತ್ತದೆ. "ನಿಮ್ಮ ಇಂಗ್ಲಿಷ್ ಔಷಧಿಗಳೂ ಗಿಡಗಳಿಂದಲೇ ಬಂದಿದ್ದಲ್ವಾ?" ಬಂದಿವೆ, ಧಾರಾಳವಾಗಿ. ಹೇಗೆ ಬಂದವು ಎಂದು ನೋಡಿದರೆ ಬಾಣ ತಿರುಗಿ ಬಿಟ್ಟವರ ಕಡೆಗೇ ಹೊರಡುತ್ತದೆ. ನಮ್ಮ ಹಿತ್ತಿಲುಗಳಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪವನ್ನೇ ನೋಡಿ. ಜಮೈಕಾದಲ್ಲಿ ಅದರ ಎಲೆಯ ಕಷಾಯವನ್ನು ಮಧುಮೇಹಕ್ಕೆ ಕುಡಿಯುತ್ತಿದ್ದರು. ಆ ಎಲೆಗಳು 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಅವರ ಪ್ರಯೋಗಾಲಯಕ್ಕೆ ತಲುಪಿದವು. ಇಲಿಗಳಿಗೆ ಕೊಟ್ಟು ನೋಡಿದರೆ ಸಕ್ಕರೆ ಇಳಿಯಲಿಲ್ಲ. ಬದಲಿಗೆ ಬಿಳಿ ರಕ್ತಕಣಗಳು ಕುಸಿದು, ಸೋಂಕು ತಗುಲಿ ಇಲಿಗಳು ಸತ್ತವು. ಬಿಳಿಕಣ ಕೊಲ್ಲುವ ವಿಷ ರಕ್ತದ ಕ್ಯಾನ್ಸರಿಗೆ ಉಪಯೋಗವಾಗಬಹುದಲ್ಲ ಎಂದು ನೋಬಲ್ ಮತ್ತು ಚಾರ್ಲ್ಸ್ ಬೀರ್ ಅದರ ಬೆನ್ನುಹತ್ತಿ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಅದೇ ಗಿಡದ ವಿನ್‌ಕ್ರಿಸ್ಟಿನ್ ಇಂದಿಗೂ ಮಕ್ಕಳ ರಕ್ತಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ಅದನ್ನು ಮಗುವಿನ ಮೈಯಳತೆಗೆ ತಕ್ಕಂತೆ ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಸಾವು ಬಹುತೇಕ ಖಚಿತ. ಜನ ನಂಬಿದ್ದ ಗುಣ ಗಿಡದಲ್ಲಿ ಕಾಣಲಿಲ್ಲ, ಇದ್ದ ಗುಣ ಮೊದಲು ಕಂಡದ್ದು ವಿಷವಾಗಿ. ಅಲ್ಲಿಂದ ಔಷಧದವರೆಗಿನ ದಾರಿಯ ಪ್ರತಿ ಹೆಜ್ಜೆಯಲ್ಲೂ ಯಾರೋ ‘ಎಷ್ಟು?’ ಎಂದು ಕೇಳಿದ್ದರು.

ಲಕ್ಷ್ಮಣಫಲದ ಪ್ರಚಾರಕರು ಆ ಪ್ರಶ್ನೆಯನ್ನು ಕೇಳುವುದಿಲ್ಲ. ಕೀಮೋಥೆರಪಿಗಿಂತ ಹತ್ತು ಸಾವಿರ ಪಟ್ಟು ಪರಿಣಾಮಕಾರಿ ಎಂಬ ಫಾರ್ವರ್ಡ್ ಬಾರದ ಮೊಬೈಲ್ ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ಆ ಹತ್ತು ಸಾವಿರ ಎಲ್ಲಿಂದ ಬಂತು? 1996ರ ಒಂದು ರಸಾಯನಶಾಸ್ತ್ರ ಪ್ರಬಂಧದಿಂದ. ಹಣ್ಣಿನ ಬೀಜದಿಂದ ಬೇರ್ಪಡಿಸಿದ ಒಂದು ವಸ್ತು, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಒಂದು ಬಗೆಯ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ, ಒಂದು ನಿರ್ದಿಷ್ಟ ಔಷಧಕ್ಕಿಂತ ಅಷ್ಟು ಪಟ್ಟು ಪ್ರಬಲವಾಗಿತ್ತು. ಹಣ್ಣಿನ ತಿರುಳಲ್ಲ, ಎಲೆಯ ಚಹಾ ಅಲ್ಲ, ಮನುಷ್ಯರಂತೂ ಅಲ್ಲವೇ ಅಲ್ಲ. ಗಾಜಿನ ತಟ್ಟೆಯ ಕ್ಯಾನ್ಸರ್ ಕೋಶಗಳನ್ನು ಬ್ಲೀಚಿಂಗ್ ಪೌಡರೂ ಕೊಲ್ಲುತ್ತದೆ. ಇತ್ತ ಕೆರಿಬಿಯನ್ ದ್ವೀಪ ಗ್ವಾಡಲೂಪ್‌ನಲ್ಲಿ, ಪಾರ್ಕಿನ್ಸನ್ ಹೋಲುವ ಆದರೆ ಮಾಮೂಲಿ ಔಷಧಿಗೆ ಬಗ್ಗದ ಕಾಯಿಲೆ ಅಸಹಜವಾಗಿ ಹೆಚ್ಚಿರುವುದಕ್ಕೂ ಈ ಹಣ್ಣು ಮತ್ತು ಎಲೆಯ ಕಷಾಯದ ಸೇವನೆಗೂ ನಂಟಿರಬಹುದೆಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. ಅನುಮಾನ ಬಿದ್ದದ್ದು ಅನೋನಾಸಿನ್ ಎಂಬ ವಸ್ತುವಿನ ಮೇಲೆ. ಕ್ಯಾನ್ಸರ್ ಕೋಶ ಕೊಲ್ಲುತ್ತದೆಂದು ಕೊಂಡಾಡುವ ರಾಸಾಯನಿಕಗಳ ಗುಂಪಿಗೇ ಸೇರಿದ ಇದು ನರಕೋಶಗಳನ್ನೂ ಕೊಲ್ಲುತ್ತದೆ.

ಡೆಂಗಿಗೆ ಪರಂಗಿ ಎಲೆಯ ರಸ ಎನ್ನುವುದು ಬೇರೆಯೇ ಬಗೆಯ ಭ್ರಮೆ. ಇಲ್ಲಿ ಕಣ್ಣೆದುರೇ ‘ಸಾಕ್ಷಿ’ ಇದೆ: ರಸ ಕುಡಿಸಿದೆವು, ಪ್ಲೇಟ್‌ಲೆಟ್ ಏರಿತು. ಕುಡಿಸದಿದ್ದರೂ ಏರುತ್ತಿತ್ತು ಎಂಬುದು ಮನೆಯವರಿಗೆ ಗೊತ್ತಿರುವುದಿಲ್ಲ. ಡೆಂಗಿಯಲ್ಲಿ ಜ್ವರ ಬಂದ ಮೂರು ದಿನದಿಂದ ಏಳು ದಿನದ ನಡುವೆ ಪ್ಲೇಟ್‌ಲೆಟ್ ಇಳಿದು, ಚೇತರಿಕೆಯ ಹಂತದಲ್ಲಿ ತಾನಾಗಿ ಮೇಲೇಳುತ್ತದೆ. ಗಾಬರಿಬಿದ್ದ ಮನೆಯವರು ರಸ ಹಿಂಡುವುದು ಸಾಮಾನ್ಯವಾಗಿ ಅಂಕಿ ತಳ ಮುಟ್ಟಿದಾಗಲೇ. ಅಲ್ಲಿಂದ ಮುಂದೆ ಯಾವ ಎಲೆ ಕೊಟ್ಟರೂ ಅದಕ್ಕೆ ಕೀರ್ತಿ. ಮಲೇಷ್ಯಾದಲ್ಲಿ 228 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಲೆಯ ರಸ ಕುಡಿದವರ ಪ್ಲೇಟ್‌ಲೆಟ್ 40 ಗಂಟೆಯ ಹೊತ್ತಿಗೆ ಸ್ವಲ್ಪ ಬೇಗ ಏರಿತೆಂದು ಕಂಡದ್ದುಂಟು. ಯಾರು ರಸ ಕುಡಿಯುತ್ತಿದ್ದಾರೆಂಬುದು ಎಲ್ಲರಿಗೂ ಗೊತ್ತಿದ್ದ ಪ್ರಯೋಗ ಅದು. ಇರಲಿ, ಏರಿತೆಂದೇ ಒಪ್ಪೋಣ. ಡೆಂಗಿಯಲ್ಲಿ ಜೀವ ತೆಗೆಯುವುದು ಬಹುತೇಕ ಪ್ಲೇಟ್‌ಲೆಟ್ ಕೊರತೆಯಲ್ಲ, ರಕ್ತನಾಳಗಳಿಂದ ನೀರಿನಂಶ ಸೋರಿಹೋಗಿ ರಕ್ತದೊತ್ತಡ ಕುಸಿಯುವುದು. ಅದೂ ಜ್ವರ ಬಿಟ್ಟಿತು ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ, ಆ 24ರಿಂದ 48 ಗಂಟೆಗಳಲ್ಲಿ. ಹೊಟ್ಟೆನೋವು, ನಿಲ್ಲದ ವಾಂತಿ, ತಣ್ಣಗಾದ ಕೈಕಾಲು, ಮಂಕುತನ ಕಂಡರೆ ಓಡಬೇಕಾದದ್ದು ಆಸ್ಪತ್ರೆಗೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ವರ್ಷವೂ ಮನೆಮನೆಯಲ್ಲಿ ಎಲ್ಲರ ಬಾಯಲ್ಲಿ ಇದ್ದದ್ದು "ಕೌಂಟ್ ಎಷ್ಟು?" ಎಂಬ ಪ್ರಶ್ನೆಯೊಂದೇ. ವಾಂತಿ ಮಾಡುತ್ತಿರುವ ಮಗುವಿನ ಬಾಯಿಗೆ ಕಹಿ ರಸ ಸುರಿದರೆ ಅದು ಇನ್ನಷ್ಟು ವಾಂತಿ ಮಾಡುತ್ತದೆ, ಒಳಗೆ ಉಳಿಯಬೇಕಾದ ನೀರೂ ಹೋಗುತ್ತದೆ.

ಎಷ್ಟೋ ಸಲ ರಸವಾಗಲಿ ಸೊಪ್ಪಾಗಲಿ ಕೊಲ್ಲುವುದಿಲ್ಲ, ಅದನ್ನು ನಂಬಿ ಕಳೆದ ತಿಂಗಳುಗಳು ಕೊಲ್ಲುತ್ತವೆ. ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು 2024ರ ನವೆಂಬರ್‌ನಲ್ಲಿ ಅಮೃತಸರದಲ್ಲಿ ಪತ್ರಿಕಾಗೋಷ್ಠಿ ಕರೆದು, ನಾಲ್ಕನೇ ಹಂತದ ಕ್ಯಾನ್ಸರ್ ಇದ್ದ ತಮ್ಮ ಪತ್ನಿ ಗುಣಮುಖರಾದರೆಂದು ಹೇಳಿ ಬೇವಿನ ಎಲೆ, ಹಸಿ ಅರಿಶಿನ, ನಿಂಬೆನೀರು, ಸಕ್ಕರೆ ಬಿಟ್ಟದ್ದು ಎಂದೆಲ್ಲ ಪಥ್ಯವನ್ನು ವರ್ಣಿಸಿದರು. ಕಾಮೆಂಟರಿಯಲ್ಲಿ ಅವರ ಮಾತಿಗೆ ಎಷ್ಟು ವೇಗವಿತ್ತೋ ಈ ವಿಡಿಯೊಗೂ ಅಷ್ಟೇ ವೇಗ. ಎರಡೇ ದಿನದಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಹಾಲಿ ಮತ್ತು ಹಿಂದಿನ 262 ಕ್ಯಾನ್ಸರ್ ತಜ್ಞರು ಸಹಿ ಹಾಕಿ ಹೇಳಿಕೆ ಹೊರಡಿಸಿದರು. ಆಕೆಗೆ ಶಸ್ತ್ರಚಿಕಿತ್ಸೆಯೂ ಕೀಮೋಥೆರಪಿಯೂ ಆಗಿತ್ತು, ಗುಣಪಡಿಸಿದ್ದು ಅವು, ಸಾಬೀತಾಗದ ಮದ್ದು ನಂಬಿ ಚಿಕಿತ್ಸೆ ಮುಂದೂಡಬೇಡಿ ಎಂದರು. ಪಥ್ಯವನ್ನು ವೈದ್ಯರೊಂದಿಗೆ ಸಮಾಲೋಚಿಸಿಯೇ ಮಾಡಿದ್ದೆಂದು ಸಿಧು ಆಮೇಲೆ ಸ್ಪಷ್ಟನೆ ಕೊಟ್ಟರು. ಸ್ಪಷ್ಟನೆಗಳು ಫಾರ್ವರ್ಡ್ ಆಗುವುದಿಲ್ಲ.

ಹೀಗೆ ಕಳೆದ ಸಮಯಕ್ಕೆ ಬೆಲೆ ಎಷ್ಟೆಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದ್ದಾರೆ. ದೇಹದ ಬೇರೆ ಭಾಗಕ್ಕೆ ಹರಡಿರದ, ಅಂದರೆ ಚಿಕಿತ್ಸೆಗೆ ಬಗ್ಗುವ ಹಂತದ ಕ್ಯಾನ್ಸರ್ ಇದ್ದೂ ಪರ್ಯಾಯ ಮದ್ದನ್ನಷ್ಟೇ ಆರಿಸಿಕೊಂಡ 281 ಜನರನ್ನು, ಅಂಥದೇ ಸ್ಥಿತಿಯಲ್ಲಿದ್ದು ಆಸ್ಪತ್ರೆಯ ಚಿಕಿತ್ಸೆ ಪಡೆದವರೊಂದಿಗೆ ಹೋಲಿಸಿದರು. ಪರ್ಯಾಯದವರಿಗೆ ಸಾವಿನ ಅಪಾಯ ಎರಡೂವರೆ ಪಟ್ಟು; ಸ್ತನ ಕ್ಯಾನ್ಸರಿನಲ್ಲಿ ಐದೂವರೆ ಪಟ್ಟಿಗೂ ಹೆಚ್ಚು. ಈ ಅಂಕಿ ಗೊತ್ತಿದ್ದವರ ಬಾಯಲ್ಲಿ ‘ಏನಾಗುತ್ತೆ’ ಎಂಬ ಪ್ರಶ್ನೆ ಬರಬಾರದು.

ಹಾಗಾದರೆ ಆಹಾರ ರೋಗ ಗುಣಪಡಿಸುವುದೇ ಇಲ್ಲವೇ? ಗುಣಪಡಿಸುತ್ತದೆ, ಅದೂ ಬೆರಗಾಗುವಷ್ಟು, ಆಹಾರದ ಕೊರತೆಯಿಂದಲೇ ಬಂದ ರೋಗವಾದರೆ, ಅಥವಾ ರೋಗದಲ್ಲಿ ದೇಹ ಕಳೆದುಕೊಂಡದ್ದನ್ನು ತುಂಬಿಕೊಡಬೇಕಾದರೆ. ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 1747ರಲ್ಲಿ ವಸಡು ಕೊಳೆತು ನರಳುತ್ತಿದ್ದ ಹನ್ನೆರಡು ಸ್ಕರ್ವಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ‘ಮದ್ದು’ ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಆರೇ ದಿನದಲ್ಲಿ ಚೇತರಿಸಿಕೊಂಡರು. ವಿನೆಗರ್ ಕುಡಿದವರಿಗೆ ಏನೂ ಪ್ರಯೋಜನವಾಗಲಿಲ್ಲ ಎಂಬುದನ್ನು ಇಂದಿನ ಆ್ಯಪಲ್ ಸೈಡರ್ ವಿನೆಗರ್ ಭಕ್ತರು ಗಮನಿಸಬಹುದು. ನಮ್ಮಲ್ಲಿ ವೈದ್ಯ ವಿಜ್ಞಾನಿ ವಿ. ರಾಮಲಿಂಗಸ್ವಾಮಿ ಅವರು 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಉಪ್ಪಿಗೆ ಅಯೋಡಿನ್ ಸೇರಿಸಿ ಗಳಗಂಡ ಇಳಿಯುವುದನ್ನು ತೋರಿಸಿಕೊಟ್ಟರು. ಬಾಂಗ್ಲಾ ಯುದ್ಧದ ವರ್ಷ 1971ರಲ್ಲಿ, ಬಂಗಾಳದ ಬನ್‌ಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿದು ಕಾಲರಾ ರೋಗಿಗಳು ನೆಲದ ಮೇಲೆ ಸಾಯುತ್ತಿದ್ದಾಗ, ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸಕ್ಕರೆ, ಸೋಡಾ ಕರಗಿಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಮನೆಯವರ ಕೈಯಲ್ಲೇ ಕುಡಿಸಿದರು. ಸಾವಿನ ಪ್ರಮಾಣ ಶೇ 30ರಿಂದ ಶೇ 3.6ಕ್ಕೆ ಇಳಿಯಿತು. ಅಡುಗೆಮನೆಯ ವಸ್ತುಗಳಿಂದ ಇದಕ್ಕಿಂತ ಹೆಚ್ಚು ಜೀವ ಉಳಿಸಿದ ಮದ್ದು ಇನ್ನೊಂದು ಸಿಗಲಿಕ್ಕಿಲ್ಲ. ಆ ನೀರಿನ ಇಂದಿನ ರೂಪವಾದ ಒಆರ್‌ಎಸ್‌ನಲ್ಲಿ ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಸಕ್ಕರೆ ಹೆಚ್ಚಾದರೆ ಭೇದಿ ನಿಲ್ಲುವ ಬದಲು ಜೋರಾಗುತ್ತದೆ. ಸಿಹಿ ಪಾನೀಯಗಳ ಪೊಟ್ಟಣದ ಮೇಲೆ ಒಆರ್‌ಎಸ್ ಎಂದು ಬರೆದು ಮಾರುವುದರ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ್ದು, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ನಿಷೇಧಿಸಿದ್ದು ಈ ಗ್ರಾಂ ಲೆಕ್ಕಕ್ಕಾಗಿಯೇ.

ಸಿರಿಧಾನ್ಯದ ಮಾತೆತ್ತದೆ ಕರ್ನಾಟಕದಲ್ಲಿ ಈ ಚರ್ಚೆ ಮುಗಿಯುವುದಿಲ್ಲ. ನವಣೆ, ಸಾಮೆ, ಊದಲು, ಕೊರಲೆ, ಹಾರಕ ಮತ್ತೆ ತಟ್ಟೆಗೆ ಬಂದದ್ದು ಒಣಭೂಮಿಯ ರೈತನಿಗೂ ತಿನ್ನುವವನಿಗೂ ಒಳ್ಳೆಯ ಸುದ್ದಿ. ಹೈದರಾಬಾದಿನ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ನೇತೃತ್ವದಲ್ಲಿ 65 ಅಧ್ಯಯನಗಳನ್ನು ಒಟ್ಟುಹಾಕಿ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಪ್ರಕಾರ, ಇವನ್ನು ನಿತ್ಯ ತಿನ್ನುವ ಮಧುಮೇಹಿಗಳಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಶೇ 12ರಷ್ಟು, ಊಟದ ನಂತರದ್ದು ಶೇ 15ರಷ್ಟು ಇಳಿಯುತ್ತದೆ. ಒಂದು ಧಾನ್ಯಕ್ಕೆ ಇದು ದೊಡ್ಡ ಹೊಗಳಿಕೆಯೇ. ಆದರೆ ಸಭೆಗಳಲ್ಲಿ ಜನರಿಗೆ ಹೇಳುವುದು ಇದನ್ನಲ್ಲ. ಇಂತಿಷ್ಟು ತಿಂಗಳು ಇಂಥ ಧಾನ್ಯ ತಿಂದರೆ ಶುಗರ್, ಥೈರಾಯ್ಡ್, ಕ್ಯಾನ್ಸರ್ ಎಲ್ಲ ಹೊರಟುಹೋಗುತ್ತವೆ ಎಂದು ಹೇಳುತ್ತಾರೆ. ಶೇ 12 ಎಲ್ಲಿ, ಕ್ಯಾನ್ಸರ್ ಎಲ್ಲಿ! ಕಿರುಧಾನ್ಯವೆಂದ ಮಾತ್ರಕ್ಕೆ ನಿರಪಾಯವೂ ಅಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ ಹಾರಕದ ಹೊಲಕ್ಕೆ ನುಗ್ಗಿದ ಹಿಂಡಿನ ಹತ್ತು ಆನೆಗಳು ಸತ್ತವು. ಕಾಳಿಗೆ ಹತ್ತಿದ ಶಿಲೀಂಧ್ರದ ವಿಷ ಅವುಗಳ ದೇಹದಲ್ಲಿ ಸಿಕ್ಕಿತು. ಮಳೆಗೆ ಸಿಕ್ಕ ಹಾರಕ ಅಮಲೇರಿಸುತ್ತದೆಂದು ಅಲ್ಲಿನ ಹಳೆಯ ರೈತರಿಗೆ ಗೊತ್ತಿತ್ತು. ಅದಕ್ಕೊಂದು ಹೆಸರನ್ನೇ ಇಟ್ಟಿದ್ದರು. ಜೋಳವನ್ನಷ್ಟೇ ನಂಬಿ ಬದುಕುತ್ತಿದ್ದ ದಖ್ಖನ್ನಿನ ಬಡವರಲ್ಲಿ ಚರ್ಮ ಬಿರಿಯುವ ಪೆಲಾಗ್ರ ರೋಗವನ್ನು ಪೋಷಣಾ ವಿಜ್ಞಾನಿ ಸಿ. ಗೋಪಾಲನ್ 1960ರ ಆಸುಪಾಸಿನಲ್ಲಿ ಹೈದರಾಬಾದಿನಲ್ಲಿ ಅಧ್ಯಯನ ಮಾಡಿದ್ದರು. ಯಾವ ಧಾನ್ಯವೂ ಒಂಟಿಯಾಗಿ ಊಟವಾಗಲಾರದು.

ಇಂಥ ಸುಳ್ಳು ಪ್ರಚಾರವನ್ನು ತಡೆಯಲು ಕಾನೂನು ಇಲ್ಲವೆಂದಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹ, ಕ್ಯಾನ್ಸರ್ ಸೇರಿ 54 ಕಾಯಿಲೆಗಳಿವೆ. ಇವನ್ನು ಗುಣಪಡಿಸುವುದಾಗಿ ಜಾಹೀರಾತು ಕೊಡುವುದು ಅಪರಾಧ. ಆಹಾರದ ಬಗ್ಗೆ ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೂ ಪತಂಜಲಿ ಕಂಪನಿಯ ಜಾಹೀರಾತುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ನ್ಯಾಯಾಂಗ ನಿಂದನೆಯ ನೋಟಿಸ್ ಕೊಟ್ಟು, ಪತ್ರಿಕೆಗಳಲ್ಲಿ ಕ್ಷಮೆಯಾಚನೆ ಅಚ್ಚಾಗುವವರೆಗೆ ಬೆನ್ನುಹತ್ತಬೇಕಾಯಿತು. ಕುಟುಂಬದ ಗುಂಪಿನಲ್ಲಿ ಚಿಕ್ಕಪ್ಪ ಕಳಿಸುವ ವಿಡಿಯೊಗೆ ಯಾವ ಕಲಂ ಅನ್ವಯಿಸುತ್ತದೆ?

ಇನ್ನು ವೈದ್ಯರ ಪಾಲು. ಊಟದ ಲೆಕ್ಕವನ್ನು ಅವರೇ ಕೈಗೆತ್ತಿಕೊಂಡರೆ ಏನಾಗಬಹುದು ಎಂಬುದಕ್ಕೆ ಉದಾಹರಣೆಯಿದೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಡೈರೆಕ್ಟ್ ಎಂಬ ಪ್ರಯೋಗದಲ್ಲಿ, ಮಧುಮೇಹ ಬಂದು ಆರು ವರ್ಷ ಮೀರದ ದಪ್ಪ ಮೈಯವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರವಷ್ಟೇ ಕೊಟ್ಟರು. ವರ್ಷದ ಕೊನೆಗೆ ಶೇ 46 ಜನರಲ್ಲಿ ಮಾತ್ರೆಯಿಲ್ಲದೆ ಸಕ್ಕರೆ ಹತೋಟಿಗೆ ಬಂದಿತ್ತು. ಹದಿನೈದು ಕೆಜಿ ಅಥವಾ ಹೆಚ್ಚು ಇಳಿಸಿದವರಲ್ಲಿ ಶೇ 86. ಎರಡನೇ ವರ್ಷಕ್ಕೆ ಅದು ಶೇ 36ಕ್ಕೆ ಇಳಿಯಿತು, ತೂಕ ಮರಳಿದವರಲ್ಲಿ ಕಾಯಿಲೆಯೂ ಮರಳಿತು. ಇಲ್ಲಿ ಆಹಾರ ಶುಗರನ್ನು ಹಿಮ್ಮೆಟ್ಟಿಸಿದ್ದು ನಿಜ, ಆದರೆ ಇದರಲ್ಲಿ ಯಾವ ಮಹಿಮೆಯ ಕಾಯಿಯೂ ಇಲ್ಲ. ಇದ್ದದ್ದು ಹಸಿವು, ತಕ್ಕಡಿ ಮತ್ತು ಮಾತ್ರೆಗಳನ್ನು ಲೆಕ್ಕ ನೋಡಿ ನಿಲ್ಲಿಸಿದ ವೈದ್ಯ-ನರ್ಸುಗಳ ತಂಡ. ನಮ್ಮ ಕ್ಲಿನಿಕ್ಕುಗಳಲ್ಲಿ ರೋಗಿ ಎದ್ದುಹೋಗುವ ಮುನ್ನ "ಏನು ಊಟ ಮಾಡಬೇಕು ಡಾಕ್ಟ್ರೇ?" ಎಂದು ಕೇಳಿದರೆ ಸಿಗುವ ಉತ್ತರ "ಅನ್ನ ಕಡಿಮೆ ಮಾಡಿ, ಸ್ವೀಟ್ ಬೇಡ" ಎಂಬ ನಾಲ್ಕೈದು ಮಾತು. ಹೊರಗಡೆ ಅದೇ ಪ್ರಶ್ನೆಗೆ ಮುಕ್ಕಾಲು ಗಂಟೆ ಉತ್ತರಿಸುವ ವಿಡಿಯೊ ಕಾದಿರುತ್ತದೆ. ರೋಗಿ ಆ ವಿಡಿಯೊ ನೋಡಿ ಕುಡಿಯತೊಡಗಿದ್ದನ್ನು ವೈದ್ಯರಿಗೆ ಹೇಳುವುದಿಲ್ಲ, ಬೈಸಿಕೊಳ್ಳುವ ಭಯ. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಯಾಕೆ ಏರಿತೆಂದು ತಲೆಕೆಡಿಸಿಕೊಳ್ಳುವ ವೈದ್ಯರೂ ಕೇಳುವುದಿಲ್ಲ, ಹೊರಗೆ ಇನ್ನೂ ನಲವತ್ತು ಜನ ಕೂತಿದ್ದಾರೆ. ಕೇರಳದ ಆ ಹತ್ತು ಮಂದಿಯ ಕಿಡ್ನಿ ಕೆಟ್ಟದ್ದೇಕೆಂದು ತಿಳಿದದ್ದು, ಯಾರೋ ಒಬ್ಬ ವೈದ್ಯರು ರಕ್ತದ ವರದಿಯನ್ನು ಬದಿಗಿಟ್ಟು, ಇತ್ತೀಚೆಗೆ ಮನೆಯಲ್ಲಿ ಏನು ಕುಡಿಯುತ್ತಿದ್ದೀರಿ ಎಂದು ವಿಚಾರಿಸಿದ್ದರಿಂದಲೇ ಇರಬೇಕು. ಆ ಒಂದು ಪ್ರಶ್ನೆಗೆ ಚೀಟಿಯಲ್ಲಿ ಜಾಗವಿಲ್ಲ, ಫೀಸೂ ಇಲ್ಲ.